ಬೀದಿಗೆ ಬಂದ ಓಟಿನ ಪೆಟ್ಟಿಗೆ

ಎರಡು ಸಾವಿರದ ಇಸವಿ, ಪಂಚಾಯ್ತಿ ಚುನಾವಣೆಯ ಮಾರನೇ ದಿನ. ನಂಜನಗೂಡಿನ ಬಸ್ ಸ್ಟ್ಯಾಂಡಿನಲ್ಲಿ ಕಾಯುತ್ತಿದ್ದ ಹೇಮಲತಾ ಟೀಚರ್ ಪಕ್ಕದಲ್ಲೇ ಇಬ್ಬರು ಹೆಂಗಸರು ಮಾತಿಗೆ ಕೂತರು. ನರಸೀಪುರದ ಚಿನ್ನಮ್ಮ ಕೇಳುತ್ತಿದ್ದಳು, ಮಸಿಯ ಬೆರಳಾಡಿಸುತ್ತ ಚನ್ನಬಸಮ್ಮ ಹೇಳುತ್ತಿದ್ದಳು.

"ನಿಮ್ ಬೀದೀಲಿ ಕಾಲರಾ ಅಂತಲ್ಲಕ್ಕ, ಓಟಾಕಕ್ಕೆ ಬುಟ್ರಾ?"

"ಎಲ್ ಬುಟ್ರು? ರೋಗ ಹರಡ್ತದೆ, ನೆನ್ನೆ ಗಂಟ ಬೀದಿ ದಾಟಂಗಿಲ್ಲ ಅಂತ ಆರ್ಡರ್ ಮಾಡುದ್ರು. ನಾವು ವಕೀಲ್ರನ್ನ ಇಡ್ಕಂಡು ಕೋರ್ಟಿಗೆ ಅರ್ಜಿ ಆಕುಸ್ದೋ."

"ಕೋರ್ಟಿಗಾ! ಓಟಿಗೋಸ್ಕರವಾ?"

"ಇನ್ನೇನವ್ವ? ಚರಂಡಿ ನೀರು ಕುಡಿಯೋ ಪೈಪಿಗೆ ಸೇರ್ತದೆ ಅಂದ್ರೂ ಕಿವಿಗಾಕ್ಕೊಳ್ದಿದ್ದ ಮೆಂಬರೇ ತಿರ್ಗ ನಿಂತಿದ್ದ. ನಾವು ಓಟಾಕ್ದಿದ್ರೆ ಅವ್ನೇ ಗೆಲ್ತಿದ್ದ."

"ಜಡ್ಜು ಏನಂದ್ರು?"

"ಜನ ಬರಂಗಿಲ್ಲ ಅಂದ್ರೆ ಪೆಟ್ಟಿಗೇನೇ ಜನರತ್ರ ಓಗ್ಲಿ ಅಂದ್ರು."

"ಬಂತಾ?"

"ಜೀಪಲ್ಲಿ ಬಂತು ಕಣವ್ವ! ನಮ್ಮತ್ತೆಗೆ ಇನ್ನೂ ಸುಸ್ತು. ಮಂಚದ ಸಮೇತ ಒತ್ಕೊಂಡೋಗಿ ಓಟಾಕುಸ್ದೋ. ಮದ್ವೆ ಎಣ್ಣಂಗೆ ನಾಚ್ಕತಾ ಇದ್ರು."

ಕೇಳಿಸಿಕೊಳ್ಳುತ್ತಿದ್ದ ಹೇಮಲತಾ ನಗು ತಡೆಯಲಾರದೆ ಸೆರಗು ಬಾಯಿಗಿಟ್ಟಳು. ಅಷ್ಟರಲ್ಲಿ ತಗಡೂರು ಬಸ್ಸು ಬಂತು. ಇಬ್ಬರೂ ಚೀಲ ಎತ್ತಿಕೊಂಡರು.

"ಅಲ್ಲಕ್ಕ, ಎಣಿಕೇಲಿ ಅವ್ನೇ ಗೆದ್ಬುಟ್ರೆ?"

"ಗೆಲ್ಲಲಿ ಬುಡು. ನಮ್ ಬೀದಿಯೋರು ಕೋರ್ಟ್ ದಾರಿ ಕಂಡವ್ರೆ ಅಂತ ಅವ್ನಿಗೂ ಗೊತ್ತಾಯ್ತು. ಒಸ ಪೈಪ್ನ ಅವ್ನೇ ಒತ್ಕೊಂಡ್ ಬತ್ತಾನೆ!"

ಇಬ್ಬರ ನಗುವೂ ಬಸ್ಸು ಹತ್ತಿತು.