ಹೂ ಕೀಳಬಾರದು

ಎಪ್ಪತ್ತನಾಲ್ಕರ ಯುಗಾದಿ ಹತ್ತಿರವಾಗಿದ್ದ ಒಂದು ಭಾನುವಾರ. ರಾಜಾಜಿನಗರದ ಸ್ಟಾಪಿನಲ್ಲಿ ತನ್ನ ಬಸ್ಸಿಗೆ ಕಾದು ಬೇಸತ್ತಿದ್ದ ವೆಂಕಟಗಿರಿಯ ಕಿವಿ, ಪಕ್ಕದಲ್ಲಿ ನಿಂತಿದ್ದ ಇಬ್ಬರ ಮಾತಿನತ್ತ ಹೊರಳಿತು. ಒಬ್ಬಳು ಮೊಳದುದ್ದ ಮಲ್ಲಿಗೆ ಮುಡಿದ ಹುಡುಗಿ; ಇನ್ನೊಬ್ಬರು ಬೋಳು ಹಣೆಯ ಅವಳ ಚಿಕ್ಕಮ್ಮ.

“ಮೂರು ವಾರದಿಂದ ಅದೇ ಕಬ್ಬನ್ ಪಾರ್ಕು! ಬೇಜಾರಾಗಲ್ವಾ ಚಿಕ್ಕಮ್ಮ?”

“ಮರದಲ್ಲಿ ಒಂದೆಲೆ ಇಲ್ಲ ಕಣೇ ಜಲಜಾ, ಮೈತುಂಬಾ ಗುಲಾಬಿ ಬಣ್ಣದ ಹೂವು. ಮುಂದಿನ ವಾರಕ್ಕೆಲ್ಲ ಉದುರಿಹೋಗತ್ತೆ.”

“ನಮ್ಮ ಹಿತ್ತಲಲ್ಲೇ ದುಂಡುಮಲ್ಲಿಗೆ ಬಿರಿದಿದೆ. ಅದನ್ನ ತಿರುಗಿಯೂ ನೋಡಲ್ಲ ನೀವು.”

“ಅದು ಮುಡಿಯೋ ಹೂವು. ನಾನು ಗಿಡದ ಹತ್ರ ಹೋದ್ರೆ ಸಾಕು, ನಿಮ್ಮಜ್ಜಿ ಒಳಗಿಂದ ಕೆಮ್ತಾರೆ.”

“ಪಾರ್ಕಲ್ಲಿ?”

“ಅಲ್ಲಿ ‘ಹೂ ಕೀಳಬಾರದು’ ಅಂತ ಬೋರ್ಡೇ ಇದೆಯಲ್ಲ, ಎಲ್ರಿಗೂ ಸೇರಿಸಿ! ಎಂಥಾ ಮುತ್ತೈದೆಯಾದ್ರೂ ನನ್ನ ಹಾಗೇ ಕೈಕಟ್ಕೊಂಡು ನೋಡ್ಬೇಕು.”

ಚಿಕ್ಕಮ್ಮ ಕಿಲಕಿಲ ನಕ್ಕರು. ಅಷ್ಟರಲ್ಲಿ ಬಸ್ಸು ಬಂತು. “ಬಾರೇ, ಕಿಟಕಿ ಸೀಟು ನಂದು!” ಎನ್ನುತ್ತ ಅವರೇ ಮೊದಲು ಹತ್ತಿದರು.

ಬಸ್ಸು ಬಿಟ್ಟ ಹೊಗೆಗೆ ವೆಂಕಟಗಿರಿಗೆ ಕೆಮ್ಮು ಒತ್ತರಿಸಿ ಬಂತು. ಬಸ್ಸು ತಿರುವು ದಾಟುವವರೆಗೂ ಅವನು ಅದನ್ನು ತಡೆದು ಹಿಡಿದ.