ಎರಡನೇ ಗೂಡಿನ ಔಷಧಿ

...ನಗ್ತೀರಲ್ಲ ಮೇಡಂ, ನಾನ್ ಹೇಳಿದ್ರಲ್ಲಿ ತಪ್ಪೇನಿದೆ? ಈ ಇಲಿಗಳಿಗೆ ನೀವೇ ಚಿಕನ್‌ಗುನ್ಯಾ ಬರ್ಸಿದ್ರಿ. ಮೊದಲನೇ ಗೂಡಿಗೆ ಬರೀ ನೀರು, ಎರಡನೇ ಗೂಡಿಗೆ ನಿಮ್ಮ ಹೊಸ ಔಷಧಿ. ಈಗ ನೋಡಿ, ಎರಡರಲ್ಲೂ ಕಾಲು ಒಂದೇ ಥರ ಊದ್ಕೊಂಡಿದೆ! ಇಷ್ಟು ಓದಿ, ಕೊನೆಗೆ ಮಾಲೂರು ಬೋರ್‌ವೆಲ್ ನೀರಿಗೂ ನಿಮ್ಮ ಔಷಧಿಗೂ ಫರಕೇ ಇಲ್ವಲ್ಲ! ಇಲ್ಲಿನ ಸೊಳ್ಳೆಗಳೂ ನಿಮ್ಮನ್ನ ನೋಡಿ ನಗ್ತವೆ ಬಿಡಿ.

ಏನಂದ್ರಿ? ನಾನು ಸರಿಯಾಗಿ ಕುಡಿಸಿಲ್ವಾ? ಈ ಸೊಣ್ಣಪ್ಪ ಆರು ವರ್ಷದಿಂದ ಈ ಲ್ಯಾಬಲ್ಲಿ ಗೂಡು ತೊಳ್ದು, ನೀವು ಹೇಳಿದ್ದನ್ನ ಇಲಿಗಳಿಗೆ ಕುಡಿಸ್ತಾ ಇದ್ದಾನೆ. ಒಂದು ಹೊತ್ತೂ ತಪ್ಪಿಸಿಲ್ಲ. ಕುಣಿಯಕ್ಕೆ ಬರ್ದೋಳು ನೆಲ ಡೊಂಕು ಅಂದ್ಳಂತೆ...

ಅಂದಂಗೆ ನಾಳೆ ರಜಾ ಬೇಕು. ಹೆಂಡ್ತೀಗೆ ಕಾಮಾಲೆ. ಆವನಿ ಊರ ಹತ್ರ ಯಾರೋ ನಾಟಿ ಔಷಧಿ ಕೊಡ್ತಾರೆ, ಬೆಳಗ್ಗೆ ಬರೀ ಹೊಟ್ಟೇಲಿ ಕರ್ಕೊಂಡು ಹೋಗ್ಬೇಕು. ಹೂಂ, ಭಾರತಮ್ಮಾನೇ. ಹೋದ ತಿಂಗಳು ಚಿಕನ್‌ಗುನ್ಯಾ ಬಂದು ಬೆರಳು ಮಡಚಕ್ಕಾಗ್ದೆ ಬಿದ್ದಿದ್ಲಲ್ಲ. ಅದು ಆವಾಗ್ಲೇ ವಾಸಿ! ನಾಲ್ಕೇ ದಿನಕ್ಕೆ ಎದ್ದು ಮುದ್ದೆ ತಿರುವಿದ್ಲು. ಹೆಂಗೆ ಅಂದ್ರೆ? ಪಪ್ಪಾಯಿ ಎಲೆ ರಸ! ನಿಮ್ಮ ಔಷಧಿ ಆದ್ರೆ ಬೆಲ್ಲ ತಿಂದ್ರೂ ಬಾಯಿಂದ ಕಹಿ ಹೋಗಲ್ಲ ಅಂತಿದ್ಲು...

ಯಾರು ಅಂತಿದ್ಲು ಅಂದ್ರಾ? ಅದೇ... ಇಲಿಗಳು ಮೇಡಂ! ಮುಖ ಸಿಂಡರಿಸ್ತವಲ್ಲ, ಅದಕ್ಕಂದೆ.

ನಗೋದು ಯಾಕ್ ನಿಲ್ಸಿದ್ರಿ? ಫ್ರಿಜ್ ಯಾಕ್ ತೆಗೀತೀರಿ? ಸೀಸೆ ತುಂಬಾ ಇದೆ ನೋಡಿ, ಒಂದು ಹನಿ ಕಮ್ಮಿ ಇಲ್ಲ... ಮೂಸಬೇಡಿ. ಅಯ್ಯೋ ದೇವುಡಾ, ಮೂಸಬೇಡಿ ಅಂದ್ನಲ್ಲ!

ಹೂಂ. ನೀರೇ. ಔಷಧಿ ಮನೆಗೆ ಒಯ್ದು ಸೀಸೆಗೆ ನೀರು ತುಂಬಿಸಿಟ್ಟೆ, ಎರಡನೇ ಗೂಡಿಗೂ ಅದನ್ನೇ ಕುಡಿಸ್ದೆ. ಏನ್ ಮಾಡ್ಲಿ? ಮನೇಲಿ ಅವಳು ತಲೆ ಬಾಚ್ಕೊಳಕ್ಕೂ ಆಗ್ದೆ ಅಳ್ತಾ ಕೂತಿದ್ರೆ, ಇಲ್ಲಿ ಇಲಿಗಳಿಗೆ ಉಪಚಾರ! ಹೊಟ್ಟೆ ಉರೀತು ಮೇಡಂ. ಇಲಿಗಿಂತ ಕಡೆಯಾದ್ಲಾ ನನ್ನ ಹೆಂಡ್ತಿ? ಇಲಿಗೆ ಒಂದು ಹನಿ ಅಂದ್ರೆ ಮನುಷ್ಯರಿಗೆ ಎರಡು ಮುಚ್ಚಳ ಅಂದ್ಕೊಂಡೆ. ಕೆಲಸದಿಂದ ತೆಗೀರಿ, ಪೊಲೀಸ್ನೋರ್ನ ಕರೀರಿ. ಆದ್ರೆ ನಿಮ್ಮ ಔಷಧಿ ಕೆಲಸ ಮಾಡುತ್ತೆ, ಅದನ್ನಾದ್ರೂ ಬರ್ಕೊಳಿ! ಇಲಿ ಹೇಳ್ದಿದ್ರೆ ಭಾರತಮ್ಮ ಹೇಳ್ತಾಳೆ!

ಬೈರಿ ಮೇಡಂ.

ಆ ಮೂರನೇ ಗೂಡು ಯಾಕ್ ನೋಡ್ತೀರಿ? ಅದು ಖಾಲಿ. ಜಾಸ್ತಿ ಔಷಧಿ ಕೊಟ್ರೆ ಏನಾಗುತ್ತೆ ನೋಡೋಣ ಅಂತ ನೀವೇ ಕೈಯಾರೆ ಕುಡಿಸಿದ್ರಲ್ಲ, ಆ ಇಲಿಗಳದ್ದು. ಒಂದೂ ಉಳೀಲಿಲ್ಲ. ಹೊಟ್ಟೆ ಕೊಯ್ದಾಗ ಒಳಗೆಲ್ಲ ಹಳದಿ ಆಗಿತ್ತು, ನಾನೇ ಕವರಿಗೆ ಹಾಕಿ ಕಟ್ಟಿ...

ಹಳದಿ.

ಮೇಡಂ... ಅವಳ ಕಣ್ಣೂ ಹಂಗೇ... ಅದು ಬರೀ ಕಾಮಾಲೆ ತಾನೇ? ನೋವು ತಿರುಗಿ ಬರ್ದಿರ್ಲಿ ಅಂತ ಇವತ್ತು ಬೆಳಗ್ಗೇನೂ ಎರಡು ಮುಚ್ಚಳ ಕುಡಿಸಿ ಬಂದಿದ್ದೀನಿ.