ಅಮ್ಮನಿಗೆ ಹೇಳದೆ ಬಿಟ್ಟ ವರ್ಷ

ಕಲ್ಲೂರಿನ ಬಸ್‌ಸ್ಟಾಪಿನಲ್ಲಿ ಕೂತಿದ್ದ ಮಾಧವನ್‌ಗೆ ಪಕ್ಕದಲ್ಲಿದ್ದ ಪದ್ಮಾಕ್ಷಿ ಮತ್ತು ಅವಳ ನಾದಿನಿಯ ಮಾತು ಕೇಳಿಸಿತು.

“ನಿಮ್ಮ ಮಗಳು ಅಂಜನಂಗೆ ಅಮೆರಿಕದಲ್ಲಿ ಸ್ಕ್ಯಾನಿಂಗ್ ಡಾಕ್ಟರ ಟ್ರೈನಿಂಗ್ ಸಿಕ್ತಂತೆ ಅತ್ತಿಗೆ?”

“ಸಿಕ್ತು. ಎರಡನೇ ವರ್ಷದಿಂದ.”

“ಮೊದಲ್ನೇ ವರ್ಷ?”

“ಆ ವರ್ಷ ಎಲ್ಲಾ ಕಾಯಿಲೆ ನೋಡೋದು ಕಲೀಬೇಕಂತೆ, ಅದಕ್ಕೆ ಬೇರೆ ಆಸ್ಪತ್ರೆ ಹಿಡೀಬೇಕಂತೆ. ಯಾರೂ ಕೊಡ್ಲಿಲ್ಲ. ಅದಿಲ್ದಿದ್ರೆ ಎರಡನೇದೂ ಹೋಯ್ತು.”

“ಮಾರಿಯಮ್ಮಂಗೆ ಹರಕೆ ಹೊತ್ತಿದ್ರಲ್ಲ?”

“ಸ್ಕ್ಯಾನಿಂಗ್ ಸೀಟು ಕೊಡು ಅಂದಿದ್ದೆ, ಕೊಟ್ಳು. ಮೊದಲ್ನೇ ವರ್ಷ ಬೇರೆ ಕೇಳ್ಬೇಕು ಅಂತ ನಂಗೇನು ಗೊತ್ತು?”

“ಅಮ್ಮಂಗಾದ್ರೂ ಗೊತ್ತಿರ್ಬೇಕಿತ್ತು.”

“ಅವಳು ಕೇಳಿದ್ದಷ್ಟೇ ಕೊಡೋಳು. ಈ ಸಲ ಏನೇನು ಕೇಳ್ಬೇಕು ಅಂತ ಅಂಜನಾನೇ ವಾಟ್ಸಾಪಲ್ಲಿ ಬರೆದು ಕಳ್ಸಿದಾಳೆ. ಅಮ್ಮನ ಮುಂದೆ ನಿಂತು ಅದನ್ನೇ ಓದ್ತೀನಿ.”

ಬಸ್ ಬಂತು. ಇಬ್ಬರೂ ಹತ್ತಿ ಹೋದರು.

ಮಾಧವನ್ ಏಳಲಿಲ್ಲ. ಹೊಲಕ್ಕೆ ಆನೆ ಬರಬಾರದೆಂದು ಅವನೂ ಅದೇ ಅಮ್ಮನಿಗೆ ಹರಕೆ ಹೊತ್ತಿದ್ದ. ಆನೆ ಒಂದೂ ಬಂದಿರಲಿಲ್ಲ. ಮರಗೆಣಸನ್ನೆಲ್ಲ ಕಿತ್ತು ತಿಂದದ್ದು ಹಂದಿ.